ಕಲಿಕಾ ಫಲದ ಲೆಕ್ಕ ಇಡಲು ವಿಭಾಗಗಳಿಗೆ ಗುಮಾಸ್ತರು ಬೇಕು

ಮಾನ್ಯ ಸಂಪಾದಕರೇ,

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿಯಾದ ನ್ಯಾಕ್‌ನ ಪರಿಶೀಲನೆಯ ದಿನ ಗೊತ್ತಾದರೆ ಸಾಕು, ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಬೀರುಗಳ ಬಾಗಿಲು ತೆರೆಯುತ್ತವೆ. ಹಿಂದಿನ ಐದು ವರ್ಷಗಳ ಕಲಿಕಾ ಫಲಗಳ (ಕೋರ್ಸ್ ಮುಗಿಸಿದವರಿಗೆ ಏನೇನು ಬರಬೇಕು ಎಂಬ ಗುರಿಗಳ) ಸಾಧನೆಯ ಪಟ್ಟಿಯನ್ನು ಹತ್ತು ಹದಿನೈದು ದಿನಗಳಲ್ಲಿ ಮಾಡಿ ಮುಗಿಸಲು ಅಧ್ಯಾಪಕರು ಪಾಠ ಬಿಟ್ಟು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ. ಅಷ್ಟರಲ್ಲಿ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆಗಳು ರದ್ದಿಗೆ ಹೋಗಿರುತ್ತವೆ, ಉಳಿದಿರುವುದು ಒಟ್ಟು ಅಂಕ ಮಾತ್ರ. 20ಕ್ಕೆ 12 ತೆಗೆದ ವಿದ್ಯಾರ್ಥಿನಿಗೆ ಸಿದ್ಧಾಂತ ವಿವರಿಸಲು ಬರುತ್ತದೆಯೋ, ಅದನ್ನು ಬಳಸಿ ಲೆಕ್ಕ ಬಿಡಿಸಲು ಬರುತ್ತದೆಯೋ ಎಂಬುದು ಪ್ರಶ್ನೆವಾರು ಅಂಕ ಇದ್ದರಷ್ಟೇ ತಿಳಿದೀತು.

ಪ್ರತಿ ಪ್ರಶ್ನೆ ಯಾವ ಕಲಿಕಾ ಫಲಕ್ಕೆ ಸೇರಿದ್ದೆಂದು ಪ್ರಶ್ನೆ ಪತ್ರಿಕೆಯಲ್ಲೇ ಗುರುತಿಸುವುದು, ಉತ್ತರ ತಿದ್ದುವುದು, ಬಂದ ಅಂಕಿಗಳನ್ನು ನೋಡಿ ಪಾಠದ ರೀತಿ ಬದಲಿಸುವುದು ಅಧ್ಯಾಪಕರ ಕೆಲಸ. ಅಂಕ ದಾಖಲಿಸುವುದು, ಕಾಪಿಡುವುದು, ಬಾಕಿ ಉಳಿದಿದ್ದನ್ನು ನೆನಪಿಸುವುದು ಕಚೇರಿಯ ಕೆಲಸ. ಎರಡನ್ನೂ ಅಧ್ಯಾಪಕರ ತಲೆಗೇ ಕಟ್ಟಿದರೆ ಏನಾಗುತ್ತದೆ? ಅತಿಥಿ ಉಪನ್ಯಾಸಕರು ಬೇರೆಡೆಗೆ ಹೋದ ದಿನ ಅವರ ಪೆನ್‌ಡ್ರೈವ್ ಜೊತೆಗೆ ಆ ವರ್ಷದ ಲೆಕ್ಕವೂ ಹೋಗುತ್ತದೆ.

ಹಾಗೆ ನೋಡಿದರೆ ಕೆಲಸ ದೊಡ್ಡದೇನಲ್ಲ. 40 ವಿದ್ಯಾರ್ಥಿಗಳ ತರಗತಿಯಲ್ಲಿ 5 ಪ್ರಶ್ನೆಗಳ ಪರೀಕ್ಷೆ ನಡೆದರೆ ಅಂಕದ ಹಾಳೆಯಲ್ಲಿ ತುಂಬಬೇಕಾದ ಮನೆಗಳು 200. ಒಂದು ಉತ್ತರ ಪತ್ರಿಕೆಗೆ ಅರ್ಧ ನಿಮಿಷವೆಂದರೂ 20 ನಿಮಿಷದ ಕೆಲಸ. ಐದು ವಿಷಯ, ತಲಾ ಎರಡು ಪರೀಕ್ಷೆ ಎಂದರೆ ಇಡೀ ಸೆಮಿಸ್ಟರ್‌ಗೆ 200 ನಿಮಿಷ, ಮತ್ತೊಬ್ಬರು ತಾಳೆ ನೋಡಲು ಅಷ್ಟೇ ಹೊತ್ತು. ಆದರೆ ಪತ್ರಿಕೆ ತಿದ್ದಿದ ವಾರದಲ್ಲೇ ಇದು ಆಗಬೇಕು.

ತುಂಬುವವರಿಗೆ ತರಬೇತಿಯೂ ಬೇಕು. ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಸೊನ್ನೆ ಮತ್ತು ಖಾಲಿ ಮನೆಯ ನಡುವೆ. ಆಯ್ಕೆ ಇರುವ ಪತ್ರಿಕೆಯಲ್ಲಿ ಎರಡನೇ ಕಲಿಕಾ ಫಲದ 10 ಅಂಕದ ಪ್ರಶ್ನೆಯನ್ನು 40 ಜನರಲ್ಲಿ 6 ಮಂದಿ ಬಿಟ್ಟು ಬೇರೆಯದನ್ನು ಬರೆದಿದ್ದಾರೆ ಎನ್ನಿ. ಗುರಿ 6 ಅಂಕ ಎಂದಿಟ್ಟುಕೊಂಡರೆ 22 ಮಂದಿ ಅಷ್ಟು ಅಥವಾ ಹೆಚ್ಚು ಪಡೆದಿದ್ದಾರೆ. ಬಿಟ್ಟವರ ಮನೆಯಲ್ಲಿ ಸೊನ್ನೆ ಹಾಕಿದರೆ 40ಕ್ಕೆ 22, ಅಂದರೆ ಶೇ 55. ಮನೆ ಖಾಲಿ ಬಿಟ್ಟರೆ 34ಕ್ಕೆ 22, ಸುಮಾರು ಶೇ 65. ಗುರಿ ಮುಟ್ಟಿದವರು ಶೇ 50 ಇದ್ದರೆ 1, 60 ಇದ್ದರೆ 2, 70 ಇದ್ದರೆ 3 ಎಂದು ವಿಭಾಗ ಸಾಧನೆಯ ಮಟ್ಟ ಗೊತ್ತುಮಾಡಿದ್ದರೆ ಇಷ್ಟಕ್ಕೇ ಮಟ್ಟ 1 ಇದ್ದದ್ದು 2 ಆಗುತ್ತದೆ. ಬರೆದು ತಪ್ಪಿದವರಿಗೆ ಸೊನ್ನೆ, ಪ್ರಶ್ನೆ ಬಿಟ್ಟವರಿಗೆ ಖಾಲಿ, ಪರೀಕ್ಷೆಗೇ ಬಾರದವರಿಗೆ ‘ಗೈರು’ ಎಂಬ ಮೂರು ಗುರುತುಗಳನ್ನು ಹಾಳೆಯ ತಲೆಯಲ್ಲೇ ಬರೆದಿಡಬೇಕು. ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸಿ ಒಬ್ಬರ ಅಂಕ ಇನ್ನೊಬ್ಬರ ಪಾಲಾಗುವುದೂ ಉಂಟು. ನೋಂದಣಿ ಸಂಖ್ಯೆಯ ಕ್ರಮವನ್ನು ಎಂದಿಗೂ ಕದಲಿಸಬಾರದು. ಇನ್ನು ಮಟ್ಟಗಳನ್ನು ಸೆಮಿಸ್ಟರ್ ಆರಂಭದ ಸಭೆಯಲ್ಲೇ ನಿರ್ಧರಿಸಿ ದಿನಾಂಕ ಸಹಿತ ನಡಾವಳಿಯಲ್ಲಿ ಬರೆಯಬೇಕು. ಅಂಕ ನೋಡಿದ ಮೇಲೆ ಮಟ್ಟ ಗೊತ್ತುಮಾಡುವುದು ನಮ್ಮ ಮಟ್ಟಿಗೆ ಅಪ್ರಾಮಾಣಿಕತೆಯೇ ಸರಿ.

ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆವಾರು ಅಂಕ ಸಾಮಾನ್ಯವಾಗಿ ವಿಭಾಗದ ಕೈಗೆ ಬರುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ನಡೆಯುವ ಕಡೆ ಆ ಅಂಕಗಳು ತಂತ್ರಾಂಶದಲ್ಲೇ ಇರುತ್ತವೆ. ಹೆಸರು ತೆಗೆದು ವಿಭಾಗಕ್ಕೆ ಕಳಿಸಲು ಪರೀಕ್ಷಾ ವಿಭಾಗಕ್ಕೆ ಕಷ್ಟವೇನಿಲ್ಲ.

ಕೋರ್ಸ್ ಮುಗಿದಾಗ ವಿದ್ಯಾರ್ಥಿಗಳಿಂದ ತುಂಬಿಸುವ ಅಭಿಪ್ರಾಯ ಪತ್ರದ್ದು ಮತ್ತೊಂದು ಕತೆ. ಜಗಳೂರು, ಮೊಳಕಾಲ್ಮುರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಕೈಗೆ ಇಂಗ್ಲಿಷ್‌ನಲ್ಲಿರುವ ಇಪ್ಪತ್ತು ಪ್ರಶ್ನೆ ಕೊಟ್ಟರೆ ಎಲ್ಲದಕ್ಕೂ 5 ಎಂದು ಗೀಟು ಹಾಕಿ ಹೋಗುತ್ತಾರೆ. ಕನ್ನಡದಲ್ಲಿ ಆರೇ ಪ್ರಶ್ನೆ ಸಾಕು. ನೋಂದಣಿ ಸಂಖ್ಯೆ ಕೇಳಬಾರದು. ಕೊನೆಯ ಪಾಠದ ದಿನ, ಅಧ್ಯಾಪಕರು ಹೊರಗಿದ್ದಾಗ, ಕಚೇರಿಯವರೇ ಹಂಚಿ ಪಡೆಯಬೇಕು.

2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಚಿತ್ರದುರ್ಗ ಜಿಲ್ಲೆಯೂ ಇದೆ. ಎರಡು ವಿಭಾಗಕ್ಕೆ ಒಬ್ಬರಂತೆ ದ್ವಿತೀಯ ದರ್ಜೆ ಸಹಾಯಕರನ್ನು ಈ ಕೆಲಸಕ್ಕೆ ಗೊತ್ತುಮಾಡಿ, ಮುಂದಿನ ಸೆಮಿಸ್ಟರ್‌ನ ಮೊದಲ ಆಂತರಿಕ ಪರೀಕ್ಷೆಗೆ ಮುಂಚೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲಿ ಎರಡು ದಿನ ತರಬೇತಿ ಕೊಡಬೇಕೆಂದು ಕೋರುತ್ತೇವೆ. ಪ್ರತಿ ವಿಭಾಗದ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವನ್ನು ಆ ಸಹಾಯಕರೇ ಬರೆಯಲಿ: ಕಳೆದ ಬಾರಿ ಯಾವ ಕಲಿಕಾ ಫಲ ಕೆಳಗಿತ್ತು, ಅದಕ್ಕೆ ಏನು ಮಾಡುತ್ತೇವೆಂದು ಒಪ್ಪಿದ್ದೆವು, ಅದು ಆಯಿತೇ?

– ಕೆಲವು ಅಧ್ಯಾಪಕರು, ದಾವಣಗೆರೆ