ಅಕ್ಟೋಬರ್ 2: ಮೆಕ್ಸಿಕೋದ ನೆನಪು

ಸಂಪಾದಕರಿಗೆ ನಮಸ್ಕಾರ.

ಅಕ್ಟೋಬರ್ 2 ಅಂದ್ರೆ ನಮಗೆ ಗಾಂಧಿ ಜಯಂತಿ. ಮೆಕ್ಸಿಕೋದವರಿಗೆ ಕರಾಳ ದಿನ. 1968ರಲ್ಲಿ, ಒಲಿಂಪಿಕ್ಸ್‌ಗೆ ಇನ್ನು ಹತ್ತೇ ದಿನ ಇರುವಾಗ, ರಾಜಧಾನಿಯ ಟ್ಲಾಟೆಲೋಲ್ಕೊ ಚೌಕದಲ್ಲಿ ಸಭೆ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಗುಂಡಿನ ಮಳೆಯೇ ಸುರಿಯಿತು. ಮಫ್ತಿಯಲ್ಲಿದ್ದ ಸೈನಿಕರು ಗುರುತಿಗೆಂದು ಎಡಗೈಗೆ ಬಿಳಿ ಗ್ಲೌಸ್ ಹಾಕಿಕೊಂಡಿದ್ದರು. ಅದನ್ನು ಓದಿದಾಗ ನನಗೆ ಮೈ ಜುಂ ಅಂದಿತು. ಸತ್ತವರೆಷ್ಟು ಎಂಬ ಲೆಕ್ಕ ಇವತ್ತಿಗೂ ಬಗೆಹರಿದಿಲ್ಲ.

ಆಗ ದೆಹಲಿಯಲ್ಲಿ ಮೆಕ್ಸಿಕೋ ರಾಯಭಾರಿಯಾಗಿದ್ದವರು ಕವಿ ಒಕ್ಟಾವಿಯೋ ಪಾಜ್. ಸುದ್ದಿ ತಿಳಿದ ಮೇಲೆ ಆ ಸರ್ಕಾರದ ಪ್ರತಿನಿಧಿಯಾಗಿ ಇರಲು ಒಪ್ಪದೆ ಹುದ್ದೆಯನ್ನೇ ಬಿಟ್ಟರು. ಅವರಿಗೆ 1990ರಲ್ಲಿ ನೊಬೆಲ್ ಬಂದಿದ್ದು ಗೊತ್ತು, ಇದು ಗೊತ್ತಿರುವವರು ಕಮ್ಮಿ ಅಲ್ವಾ? ಈ ಸಲ ಗಾಂಧಿ ಜಯಂತಿ ಪುರವಣಿಯಲ್ಲಿ ಅರ್ಧ ಪುಟವಾದರೂ ಆ ಮಕ್ಕಳಿಗೆ ಕೊಡಿ.

– ಒಬ್ಬ ಓದುಗ, ಶಿವಮೊಗ್ಗ