ಎಣಿಕೆಗೆ ಮೀರಿದ ಒಂದು ಹೆಣ

ಮಾನ್ಯ ಸಂಪಾದಕರೇ,

ಪತ್ತೇದಾರಿ ಕಾದಂಬರಿಯೆಂದರೆ ಹೊತ್ತು ಕಳೆಯುವ ಓದು ಎಂದು ಭಾವಿಸಿ ಎರಡು ಸಾಲಿನ ಪರಿಚಯದಲ್ಲಿ ಮುಗಿಸಿಬಿಡುವ ರೂಢಿ ನಮ್ಮ ಪುಸ್ತಕ ಪುಟಗಳಲ್ಲಿದೆ. ಎಲ್ಲ ಕೃತಿಗಳಿಗೂ ಆ ಮಾತು ಸಲ್ಲದು ಎನ್ನಲು, ಈಡಿತ್ ಪಾರ್ಜೆಟರ್ ಅವರು ಎಲಿಸ್ ಪೀಟರ್ಸ್ ಎಂಬ ಹೆಸರಿನಲ್ಲಿ ಬರೆದ, 1979ರಲ್ಲಿ ಪ್ರಕಟವಾದ ‘ಒನ್ ಕಾರ್ಪ್ಸ್ ಟೂ ಮೆನಿ’ ಕಾದಂಬರಿಯೊಂದೇ ಸಾಕು.

ಕಥೆ ನಡೆಯುವುದು 1138ರ ಇಂಗ್ಲೆಂಡಿನಲ್ಲಿ. ಸಿಂಹಾಸನಕ್ಕಾಗಿ ಮಟಿಲ್ಡಾಳೊಂದಿಗೆ ಕಾದಾಡುತ್ತಿರುವ ದೊರೆ ಸ್ಟೀಫನ್, ವೇಲ್ಸ್ ಗಡಿಗೆ ಹತ್ತಿರದ ಶ್ರೂಸ್‌ಬರಿ ಕೋಟೆಯನ್ನು ಗೆದ್ದು, ಸೆರೆಸಿಕ್ಕ 94 ಮಂದಿಯನ್ನು ನೇಣಿಗೇರಿಸುತ್ತಾನೆ. ಶವಸಂಸ್ಕಾರಕ್ಕೆಂದು ಬರುವ ಬೆನೆಡಿಕ್ಟೈನ್ ಮಠದ ಸನ್ಯಾಸಿ ಕ್ಯಾಡ್‌ಫೆಲ್ ಎಣಿಸಿದಾಗ ಸಿಗುವುದು 95. ಹೆಚ್ಚಿನ ಆ ತರುಣನ ಕತ್ತಿನಲ್ಲಿರುವುದು ನೇಣುಹಗ್ಗದ ಗುರುತಲ್ಲ, ಹಿಂದಿನಿಂದ ಬಿಗಿದ ತೆಳ್ಳನೆಯ ಹುರಿಯ ಗೆರೆ.

ದೊರೆಯ ಆಜ್ಞೆಯಿಂದ ಸತ್ತವರ ರಾಶಿಯಲ್ಲಿ ಒಂದು ಹೆಚ್ಚಾದರೆ ಕೇಳುವವರಾರು ಎಂಬುದು ಕೊಲೆಗಾರನ ಲೆಕ್ಕ. 94 ಸಾವುಗಳನ್ನು ಶಿಕ್ಷೆಯೆಂದು ಒಪ್ಪಿಕೊಂಡ ಊರಿನಲ್ಲಿ ಒಂದನ್ನು ಮಾತ್ರ ಕೊಲೆಯೆಂದು ಕರೆದು ನ್ಯಾಯ ಕೇಳುವುದು ಹೇಗೆ? ಲೇಖಕಿ ಇದನ್ನು ಭಾಷಣವಾಗಿಸುವುದಿಲ್ಲ; ಹೆಣಗಳನ್ನು ತೊಳೆದು, ಸಂಬಂಧಿಕರು ಬಂದು ಗುರುತು ಹಿಡಿಯುವಂತೆ ಸಾಲಾಗಿ ಮಲಗಿಸುವ ಕೆಲಸದ ವಿವರಗಳಲ್ಲೇ ಆ ಪ್ರಶ್ನೆ ನಮ್ಮನ್ನು ತಟ್ಟುತ್ತದೆ. ಈ ಸಾಮೂಹಿಕ ನೇಣು ಕಟ್ಟುಕಥೆಯಲ್ಲ. ಅದನ್ನು ಆ ಕಾಲದಲ್ಲೇ ಬರೆದಿಟ್ಟ ಆರ್ಡೆರಿಕ್ ವೈಟಾಲಿಸ್ ಕೂಡ ಶ್ರೂಸ್‌ಬರಿ ಸೀಮೆಯಲ್ಲಿ ಹುಟ್ಟಿ ನಾರ್ಮಂಡಿಯ ಮಠ ಸೇರಿದ ಸನ್ಯಾಸಿಯೇ ಆಗಿದ್ದ.

ಕ್ಯಾಡ್‌ಫೆಲ್ ಹುಟ್ಟು ವಿರಕ್ತನಲ್ಲ. ಧರ್ಮಯುದ್ಧದಲ್ಲಿ ಕತ್ತಿ ಹಿಡಿದು, ಹಡಗಿನಲ್ಲಿ ದುಡಿದು, ನಡುವಯಸ್ಸಿನಲ್ಲಿ ಮಠಕ್ಕೆ ಬಂದು ಮೂಲಿಕೆ ತೋಟ ನೋಡಿಕೊಳ್ಳುತ್ತಿರುವವನು. ಗಾಯವನ್ನು ನೋಡಿ ಆಯುಧವನ್ನು ಊಹಿಸುವ ಕಣ್ಣು ಆ ಹಿಂದಿನ ಬದುಕಿನಿಂದ ಬಂದದ್ದು. ಕ್ಯಾಡ್‌ಫೆಲ್ ಮಾಲೆಯಲ್ಲಿ ಮರುವರ್ಷ ಬಂದ ‘ಮಂಕ್ಸ್ ಹುಡ್’ ಕಾದಂಬರಿಯಲ್ಲಿ, ಅದೇ ಹೆಸರಿನ ವಿಷದ ಗಿಡದಿಂದ ಕೀಲುನೋವಿಗೆ ತಿಕ್ಕಲೆಂದು ಅವನೇ ಕಾಯಿಸಿಟ್ಟ ತೈಲ ಒಬ್ಬನ ಊಟದಲ್ಲಿ ವಿಷವಾಗಿ ಸೇರುತ್ತದೆ. ಆ ಗಿಡ ನಮ್ಮ ಆಯುರ್ವೇದ ಪಂಡಿತರು ಶುದ್ಧಿ ಮಾಡದೆ ಮುಟ್ಟದ ವತ್ಸನಾಭಿಯ ಕುಲದ್ದೇ. ಲೇಖಕಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದ್ದವರು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಕೊರತೆಗಳಿಲ್ಲವೆಂದಲ್ಲ. ಪ್ರೇಮಪ್ರಸಂಗಗಳು ತೀರಾ ಸಲೀಸಾಗಿ ಕೈಗೂಡುತ್ತವೆ. ಕೊನೆಯ ತೀರ್ಪು ದ್ವಂದ್ವಯುದ್ಧದಲ್ಲಿ ಆಗುವುದನ್ನು ಮಾತ್ರ ನಾನು ದೋಷವೆನ್ನಲಾರೆ. ಸಾಕ್ಷ್ಯ ಎಷ್ಟೇ ಕೂಡಿಬಂದರೂ ಆ ಕಾಲದಲ್ಲಿ ಸತ್ಯವನ್ನು ಕತ್ತಿಯ ಮೊನೆಯಲ್ಲಿ ಸಾಬೀತು ಮಾಡಬೇಕಾಗಿತ್ತು ಎಂಬ ಕಸಿವಿಸಿಯನ್ನು ಓದುಗ ಅನುಭವಿಸಲೇಬೇಕು.

ಈ ಮಾಲೆಯಲ್ಲಿ ಒಟ್ಟು 20 ಕಾದಂಬರಿಗಳಿವೆ. ಎರಡನೆಯದಾದ ಇದರಿಂದಲೇ ಓದು ಶುರುಮಾಡಿದರೂ ಕಥೆಗೆ ತೊಡಕಾಗದು. ತಮ್ಮ ಭಾನುವಾರದ ಪುರವಣಿಯಲ್ಲಿ ಇಂಥ ಐತಿಹಾಸಿಕ ಪತ್ತೇದಾರಿ ಕೃತಿಗಳಿಗೆ ಆಗೊಮ್ಮೆ ಈಗೊಮ್ಮೆಯಾದರೂ ಪೂರ್ಣ ಪ್ರಮಾಣದ ವಿಮರ್ಶೆ, ಸಾಧ್ಯವಾದರೆ ಇತಿಹಾಸ ಬಲ್ಲವರಿಂದಲೇ, ಬರೆಸಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ