ಕನ್ನಡಿ ಮುಂದೆ ನಿಂತರೆ ಸಾಲದು

ಮಾನ್ಯರೇ,

ಸದಾ ನಗುತ್ತಿರಬೇಕು, ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ಹೇಳಿಕೊಳ್ಳಬೇಕು ಎಂಬ ಲೇಖನ ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದಿತ್ತು. ಕಲಬುರಗಿಯ ನೆಹರೂ ಗಂಜಿನ ಅಡತ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಈ ಸಲಹೆ ಪಚನವಾಗಲಿಲ್ಲ. ತೊಗರಿ ಮಾರಲು ಬಂದು ದರ ಕೇಳಿ ಕಟ್ಟೆಯ ಮೇಲೆ ಕುಸಿದು ಕೂತ ರೈತನ ಕೈಗೆ ಕನ್ನಡಿ ಕೊಡಲಿಕ್ಕೆ ಬರುತ್ತದೆಯೇ?

ಹಾಗಂತ ಆಶಾವಾದ ಹುಟ್ಟಿನಿಂದಲೇ ಬರಬೇಕು, ಕಲಿಯಲಿಕ್ಕಾಗದು ಅನ್ನುವವನೂ ನಾನಲ್ಲ. ಕಲಿಯಬಹುದು, ದಾರಿ ಬೇರೆ. ಮಗಳು ಬಿ.ಎ.ಯಲ್ಲಿ ಮನಃಶಾಸ್ತ್ರ ಓದುತ್ತಾಳೆ. ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಅವರ ವಿಚಾರ ಅವಳ ನೋಟ್ಸಿನಲ್ಲಿದೆ. ಕೆಟ್ಟದ್ದು ನಡೆದಾಗ ಅದರ ಕಾರಣವನ್ನು ನಮಗೆ ನಾವೇ ಹೇಗೆ ಹೇಳಿಕೊಳ್ಳುತ್ತೇವೆ ಎಂಬುದನ್ನು ಅವರು ನೋಡುತ್ತಾರೆ. ನಿರಾಶೆಯಲ್ಲಿ ಮುಳುಗಿದವನ ಮಾತು ಸಾಮಾನ್ಯವಾಗಿ ಮೂರು: ಇದು ಎಂದಿಗೂ ಹೀಗೇ, ಎಲ್ಲದರಲ್ಲೂ ಹೀಗೇ, ತಪ್ಪೆಲ್ಲ ನನ್ನದೇ.

ಈ ಮೂರನ್ನೂ ನನ್ನ ತಂಗಿಯ ಮಗ ಒಂದೇ ಉಸಿರಿಗೆ ಆಡಿದ್ದನ್ನು ಕೇಳಿದ್ದೇನೆ. 2025ರ ಮೇ ತಿಂಗಳು, ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂದಿತ್ತು. ಇಂಗ್ಲಿಷ್, ಗಣಿತ ಎರಡೂ ಹೋಗಿದ್ದವು. ಜೇವರ್ಗಿ ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಬಂದವ, “ನನಗ ಗಣಿತ ಬರಲ್ಲ ಮಾಮಾ, ಮುಂದೂ ಬರಲ್ಲ. ನಾ ಯಾತಕ್ಕೂ ಬಾರ್ದಾಂವ” ಎಂದ. ನನ್ನ ಹೆಂಡತಿ “ಇರಲಿ ಬಿಡಪ್ಪ, ದೇವರಿದ್ದಾನ” ಎಂದು ರೊಟ್ಟಿ ಬಡಿಸಿದಳು. ಮಗಳು ಮಾತ್ರ ಪಾಟಿಸವಾಲಿಗೆ ಇಳಿದಳು. “ಗಣಿತ ಅಂದ್ರ ಯಾವ ಪಾಠ? ಪೂರಾ ಪುಸ್ತಕ ಬರಲ್ಲೇನು?” ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿದೆವು. ಸಮಾಂತರ ಶ್ರೇಢಿಯ ಲೆಕ್ಕಗಳು ಸರಿ ಇದ್ದವು. ತ್ರಿಕೋನಮಿತಿ, ಘನಫಲದ ಜಾಗ ಮಾತ್ರ ಬಿಳಿ ಹಾಳೆ. ಆ ಪಾಠಗಳು ಶಾಲೆಯಲ್ಲಿ ನಡೆದದ್ದು ಯಾವಾಗ ಎಂದು ಕೇಳಿದರೆ, ತೊಗರಿ ರಾಶಿಯ ಹೊತ್ತಿಗೆ. ಆಗ ಹುಡುಗ ಅಪ್ಪನ ಜೊತೆ ಹೊಲದಲ್ಲಿದ್ದ. ತಲೆಯೇ ಇಲ್ಲ ಅಂದುಕೊಂಡು ಕೂತಿದ್ದವನಿಗೆ ತಪ್ಪಿದ್ದು ಎರಡು ಪಾಠ.

ಪರೀಕ್ಷೆ-2ರಲ್ಲಿ ಇಂಗ್ಲಿಷ್ ಆಯಿತು, ಗಣಿತ ಮತ್ತೆ ಹೋಯಿತು. ಆದರೆ ಈ ಸಲ ಫೋನಿನಲ್ಲಿ ಅವನು ಅಂದದ್ದು, “ಘನಫಲದ ಲೆಕ್ಕಕ್ಕ ಟೈಮ್ ಸಾಲ್ಲಿಲ್ಲ ಮಾಮಾ.” ಅಷ್ಟೇ. ಸೋತದ್ದನ್ನು ಮುಚ್ಚಿಡಲಿಲ್ಲ, ಊರಗಲ ಹಿಗ್ಗಿಸಲೂ ಇಲ್ಲ. ನನಗೆ ಪಾಸಾದಷ್ಟೇ ಸಮಾಧಾನ. ಪರೀಕ್ಷೆ-3ರಲ್ಲಿ ಅದೂ ಮುಗಿಯಿತು. ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ 2024ರಲ್ಲಿ ಬಂದಾಗ ಗೊಣಗಿದವರು ಬಹಳ. ನಾನಂತೂ ಅದರ ಪರ.

ಇನ್ನು ಗಂಜಿನ ಮಾತು. “ನಮ್ಮ ನಸೀಬೇ ಖೊಟ್ಟಿ ಅದ ಸಾವ್ಕಾರ್ರ” ಎಂಬುದು ನಮ್ಮ ಅಂಗಡಿಯಲ್ಲಿ ನಿತ್ಯ ಕೇಳುವ ಮಾತು. ನೆಟೆ ರೋಗ ಹತ್ತಿ ತೊಗರಿ ಒಣಗಿದರೂ ನಸೀಬು, ದರ ಬಿದ್ದರೂ ನಸೀಬು. ಎರಡನ್ನೂ ಒಂದೇ ಖಾತೆಗೆ ಬರೆಯುವುದು ನನ್ನಂಥ ಲೆಕ್ಕದವನಿಗೆ ಸಹಿಸದು. ನೆಟೆ ಬರುವುದು ಮಣ್ಣಿನಲ್ಲಿ ಉಳಿದುಕೊಳ್ಳುವ ಶಿಲೀಂಧ್ರದಿಂದ. ವರ್ಷವರ್ಷವೂ ಅದೇ ಹೊಲಕ್ಕೆ ತೊಗರಿಯನ್ನೇ ಹಾಕಿದರೆ ಅದು ಹೆಚ್ಚುತ್ತದೆ. ನಡುವೆ ಜೋಳ ಬಿತ್ತಿ ಬೆಳೆ ಬದಲಿಸಿದರೆ, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಚ್ಚಿದರೆ, ರೋಗ ತಡೆಯುವ ತಳಿ ಹಾಕಿದರೆ ತಗ್ಗುತ್ತದೆ. ಇಷ್ಟು ರೈತನ ಕೈಯಲ್ಲಿದೆ.

ದರ ಹಾಗಲ್ಲ. 2024–25ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಇಳಿದದ್ದನ್ನೂ ಕಂಡೆವು. ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಸುಂಕವಿಲ್ಲದೆ ತೊಗರಿ ಬಂದು ಇಳಿಯುತ್ತಿದ್ದರೆ ಇಲ್ಲಿಯ ರೈತ ಯಾಕೆ ತನ್ನ ಹಣೆ ಚಚ್ಚಿಕೊಳ್ಳಬೇಕು? ಅಲ್ಲಿ ಬೇಕಾದದ್ದು ಹೊತ್ತಿಗೆ ಸರಿಯಾಗಿ ತೆರೆಯುವ ಖರೀದಿ ಕೇಂದ್ರ, ಸರಕಾರವನ್ನು ಕೇಳುವ ದನಿ. ಕನ್ನಡಿ ಮುಂದಿನ ಆಶಾವಾದದ ಮೇಲೆ ನನ್ನ ದೊಡ್ಡ ತಕರಾರು ಇದೇ. ದರ ಕುಸಿದ ಹೊಣೆಯನ್ನೂ ಅದು ರೈತನ ಮುಖಭಾವಕ್ಕೇ ಕಟ್ಟುತ್ತದೆ.

ಕೈಚೆಲ್ಲಿ ಕೂತವರನ್ನು ಹಳಿಯುವವರಿಗೂ ಒಂದು ಮಾತು. ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ತಿಂದ ನಾಯಿಗಳ ಪೈಕಿ ಬಹಳಷ್ಟು, ಮುಂದೆ ಅಡ್ಡಗೋಡೆ ಹಾರಿ ಪಾರಾಗುವ ದಾರಿ ಇದ್ದಾಗಲೂ ಹಾರಲಿಲ್ಲ. (ಮೂಕಪ್ರಾಣಿಗೆ ಹಾಗೆ ಮಾಡಿದ್ದು ನನಗೆ ಹಿಡಿಸಲಿಲ್ಲ, ಅದು ಬೇರೆ ಮಾತು.) ಅಸಹಾಯಕತೆ ಕಲಿತು ಬರುವಂಥದ್ದು ಎಂದು ಅವರು ಆಗ ತೀರ್ಮಾನಿಸಿದ್ದರು. 2016ರಲ್ಲಿ ಇಬ್ಬರೂ ಸೇರಿ ಅದನ್ನು ತಿರುಗಿಸಿ ಬರೆದರು. ಕಷ್ಟ ಬಹಳ ಕಾಲ ಮುಂದುವರಿದರೆ ಸುಮ್ಮನೆ ಬಿದ್ದುಕೊಳ್ಳುವುದೇ ಮಿದುಳಿನ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು ‘ಇಷ್ಟು ನನ್ನ ಹಿಡಿತದಲ್ಲಿದೆ’ ಎಂಬುದನ್ನು ಎಂದರು.

ಎಲ್ಲ ಕಡೆ ಆಶಾವಾದ ಒಳ್ಳೆಯದೂ ಅಲ್ಲ. ಸೋತರೆ ತೆರಬೇಕಾದ ಬೆಲೆ ದೊಡ್ಡದಿದ್ದಲ್ಲಿ ಅದು ಬೇಡವೆಂದು ಸೆಲಿಗ್‌ಮನ್ ಅವರೇ ಎಚ್ಚರಿಸುತ್ತಾರೆ. ಬಡ್ಡಿ ಸಾಲ ತಂದು ‘ಈ ಸಲ ನೀರು ಬಿದ್ದೇ ಬೀಳ್ತದ’ ಎಂದು ಇನ್ನೊಂದು ಬೋರ್‌ವೆಲ್ ಕೊರೆಸ ಹೊರಟವರ ಮನೆಯಲ್ಲಿ ಒಬ್ಬರಾದರೂ ಅನುಮಾನದವರು ಇರಲಿ.

ಕೊನೆಗೆ ನಿಮ್ಮಲ್ಲೊಂದು ಕೇಳಿಕೆ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಯಾದಗಿರಿ ಶೇ 50.59, 2025ರಲ್ಲಿ ಕಲಬುರಗಿ ಶೇ 42.43 ಪಡೆದು ರಾಜ್ಯಕ್ಕೆ ಕೊನೆಯಾದವು. ಅದು ದೊಡ್ಡಕ್ಷರದಲ್ಲೇ ಅಚ್ಚಾಗಲಿ, ಅಧಿಕಾರಿಗಳಿಗೆ ನಾಟಲಿ. ಆದರೆ ಫೇಲಾದ ಹುಡುಗ ಅದನ್ನು ಓದಿಕೊಳ್ಳುವುದು ‘ನಮ್ಮ ಭಾಗದೋರ ಹಣೆಬರಾನೇ ಇಷ್ಟು’ ಅಂತ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟು 2013ರಿಂದ ಜಾರಿಯಲ್ಲಿರುವ ಸಂವಿಧಾನದ 371(ಜೆ) ವಿಧಿ ಇರುವುದೇ ಈ ಹಿಂದುಳಿಕೆಗೆ ಕಾರಣಗಳಿವೆ, ಅವನ್ನು ಸರಿಪಡಿಸಲು ಬರುತ್ತದೆ ಎಂಬ ಒಪ್ಪಿಗೆಯ ಮೇಲೆ. ಆದ್ದರಿಂದ ಮುಂದಿನ ಫಲಿತಾಂಶದ ದಿನ ಅದೇ ಪುಟದಲ್ಲಿ, ಜಿಲ್ಲೆಯ ಸ್ಥಾನದ ಪಕ್ಕದಲ್ಲೇ, ಪರೀಕ್ಷೆ-2ರ ದಿನಾಂಕ, ಅರ್ಜಿಯ ಕೊನೆಯ ದಿನ, ಉತ್ತರ ಪತ್ರಿಕೆಯ ಪ್ರತಿ ಪಡೆಯುವ ಬಗೆ ಮತ್ತು ಹಗಲುರಾತ್ರಿ ಕನ್ನಡದಲ್ಲೂ ಉಚಿತವಾಗಿ ಮಾತಿಗೆ ಸಿಗುವ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416, ಇಷ್ಟನ್ನು ಒಂದು ಚೌಕಟ್ಟು ಹಾಕಿ ಪ್ರಕಟಿಸಿ. ಜಾಗ ಸಾಲದಿದ್ದರೆ ರ‍್ಯಾಂಕ್ ಬಂದವರ ಬಾಯಿಗೆ ಪೇಢಾ ತುರುಕುವ ಫೋಟೊ ಒಂದನ್ನು ಕಡಿಮೆ ಮಾಡಿ.

– ಅಡತ ಅಂಗಡಿಯ ಲೆಕ್ಕದವ, ನೆಹರೂ ಗಂಜ್, ಕಲಬುರಗಿ